ಕ್ಯಾರಿ ಗನ್ ಜೊತೆಗೊಂದು .22: ಕಡಿಮೆ ಖರ್ಚಲ್ಲಿ ಸರಿಯಾಗಿ ಪ್ರಾಕ್ಟೀಸ್ ಮಾಡೋದು ಹೇಗೆ

ಇಲ್ಲಿ ಟೆಕ್ಸಾಸಲ್ಲಿ ಪಿಸ್ತೂಲ್ ಇಟ್ಕೊಂಡಿರೋ ನಮ್ಮ ಕನ್ನಡದವರು ತಿರುಗಿ ತಿರುಗಿ ಕೇಳೋ ಪ್ರಶ್ನೆ ಒಂದೇ. "9 ಎಂಎಂ ಗುಂಡಿನ ರೇಟು ನೋಡಿದ್ರೆ ತಿಂಗಳಿಗೊಂದು ಸಲ ಶೂಟಿಂಗ್ ರೇಂಜಿಗೆ ಹೋಗೋದೂ ಯೋಚ್ನೆ ಮಾಡ್ಬೇಕು, ಒಂದು .22 ತಗೊಂಡು ಅದ್ರಲ್ಲಿ ಪ್ರಾಕ್ಟೀಸ್ ಮಾಡಿದ್ರೆ ಆಗಲ್ವಾ?" ಆಗತ್ತೆ, ಚೆನ್ನಾಗೇ ಆಗತ್ತೆ, ಆದ್ರೆ ಬರೀ .22 ಹೊಡ್ಕೊಂಡು ಕೂತ್ರೆ ಆಗಲ್ಲ. ಪ್ರತಿ ಸಲ ಶುರು ಮಾಡೋದೂ ಮುಗಿಸೋದೂ ನಿಮ್ಮ ಕ್ಯಾರಿ ಗನ್ನಲ್ಲೇ ಇರ್ಬೇಕು, .22 ನಡುವೆ ಬರ್ಬೇಕು. ಈ ಲೇಖನದಲ್ಲಿ ಬೇರೆ ಏನು ಮರೆತ್ರೂ ಇದೊಂದನ್ನ ಮರೀಬೇಡಿ.

ಹೊಸಬರಿಗೆ ಎರಡು ಮಾತು. ಕ್ಯಾರಿ ಗನ್ ಅಂದ್ರೆ ಆತ್ಮರಕ್ಷಣೆಗೆ ಅಂತ ಮೈಮೇಲೆ ಇಟ್ಕೊಂಡು ಓಡಾಡೋ ಪಿಸ್ತೂಲು ಅಥವಾ ರಿವಾಲ್ವರ್, ಸಾಮಾನ್ಯವಾಗಿ 9 ಎಂಎಂ ಇಲ್ಲಾ .38. ಇನ್ನು .22 ಅಂದಾಗೆಲ್ಲ ನಾನು ಹೇಳ್ತಿರೋದು .22 ಲಾಂಗ್ ರೈಫಲ್ ಅನ್ನೋ ಪುಟ್ಟ ತೋಟೆ ಬಗ್ಗೆ. ಹೆಸರಲ್ಲಿ ರೈಫಲ್ ಇದ್ರೂ ಪಿಸ್ತೂಲಿಗೂ ಅದೇ. 1887ರಿಂದ ಇದೆ. ಇದು ರಿಮ್‌ಫೈರ್, ಅಂದ್ರೆ ಕಿಡಿ ಹೊತ್ತಿಸೋ ಮದ್ದು ತೋಟೆಯ ತಳದ ಅಂಚಿನೊಳಗೆ ಸುತ್ತಲೂ ಇರತ್ತೆ, 9 ಎಂಎಂ ಥರ ನಡುವಿನ ಬಟ್ಟಲಲ್ಲಿ ಅಲ್ಲ. .22 ಅಗ್ಗ ಆಗೋಕೆ ಈ ವ್ಯತ್ಯಾಸವೂ ಒಂದು ಕಾರಣ, ಆಗಾಗ ಠುಸ್ ಅನ್ನೋದು ಜಾಸ್ತಿ ಆಗೋಕೂ ಇದೇ ಕಾರಣ. ಗುಂಡಿನ ತೂಕ 40 ಗ್ರೇನ್, ಸುಮಾರು 2.6 ಗ್ರಾಂ. 9 ಎಂಎಂ ಗುಂಡು 115 ಗ್ರೇನ್, ಅಂದ್ರೆ ಹತ್ತಿರತ್ತಿರ ಏಳೂವರೆ ಗ್ರಾಂ. ಹಾಗಾಗಿ .22 ಕೈಗೆ ಒದೆಯೋದೇ ಇಲ್ಲ ಅನ್ನೋಷ್ಟು ಕಮ್ಮಿ.

ಟ್ರಿಗರ್ ಒತ್ತೋವಾಗ ಸೈಟ್ (ಗುರಿ ನೋಡೋಕೆ ಗನ್ ಮೇಲಿರೋ ಗುರುತು) ಅಲುಗಾಡದ ಹಾಗೆ ನೋಡ್ಕೊಳ್ಳೋದು, ಹೋಲ್ಸ್ಟರಿಂದ, ಅಂದ್ರೆ ಸೊಂಟದ ಗನ್ ಚೀಲದಿಂದ ತೆಗೆದು ಗುರಿಗೆ ತರೋದು, ಒಂದೇ ಕೈಯಲ್ಲಿ ಹೊಡೆಯೋದು, ಒಂದು ಟಾರ್ಗೆಟಿಂದ ಇನ್ನೊಂದಕ್ಕೆ ಹೋಗೋದು, ಇಷ್ಟೂ .22 ಕಲಿಸತ್ತೆ. ರಿಕಾಯ್ಲ್ ಅಂದ್ರೆ ಒದೆತ ತಡೆದು ಗನ್ನನ್ನ ಮತ್ತೆ ಗುರಿಗೆ ತರೋದನ್ನ ಮಾತ್ರ ಅದು ಕಲಿಸಲ್ಲ. ಸಡಿಲವಾಗಿ ಹಿಡಿದ್ರೂ .22 ಚೆನ್ನಾಗೇ ಹೊಡೆಯತ್ತೆ, ಆ ಸಡಿಲ ಹಿಡಿತ ಅಭ್ಯಾಸ ಆಗ್ಬಿಟ್ರೆ 9 ಎಂಎಂ ಕೈಗೆ ಬಂದಾಗ ಎರಡನೇ ಗುಂಡು ಎಲ್ಲೋ ಹೋಗಿರತ್ತೆ.

1. ಮೊದಲು ಕಾನೂನು, ಆಮೇಲೆ ಅಂಗಡಿ

ನಮ್ಮವರು ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ಗಮನ ಕೊಟ್ಟು ಓದಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್‌ಇಮಿಗ್ರಂಟ್ ವೀಸಾ ಮೇಲೆ ಇರೋರು, ಅಂದ್ರೆ ಎಚ್-1ಬಿ, ಎಚ್-4, ಎಲ್-1, ಎಫ್-1, ಊರಿಂದ ಬಿ-2 ಮೇಲೆ ಬಂದಿರೋ ಅಪ್ಪ ಅಮ್ಮ, ಇವ್ರ್ಯಾರೂ ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ. ರಾಜ್ಯದ ಬೇಟೆ ಲೈಸೆನ್ಸ್ ಇದ್ರೆ ಅನ್ನೋ ಥರ ಕೆಲವೇ ಕೆಲವು ವಿನಾಯ್ತಿ ಇವೆ. ರೇಂಜಲ್ಲಿ ಬಾಡಿಗೆಗೆ ತಗೊಂಡು ಹೊಡೆಯೋದೂ "ಇಟ್ಕೊಳ್ಳೋದು" ಲೆಕ್ಕಕ್ಕೇ ಬರತ್ತೆ, ಎಲ್ಲರೂ ಹೊಡೀತಾರಲ್ಲ ಅಂತ ಸುಮ್ನೆ ಕೈ ಹಾಕ್ಬೇಡಿ, ಇಮಿಗ್ರೇಷನ್ ಕೇಸೇ ಹಾಳಾಗ್ಬಹುದು. ಗ್ರೀನ್ ಕಾರ್ಡ್ ಇರೋರಿಗೆ, ಸಿಟಿಜನ್ ಆದೋರಿಗೆ ಈ ತಡೆ ಇಲ್ಲ. ನಿಮಗೆ ಗ್ರೀನ್ ಕಾರ್ಡ್ ಇದ್ದು ಹೆಂಡ್ತಿನೋ ಗಂಡನೋ ಇನ್ನೂ ಎಚ್-4ನಲ್ಲಿದ್ರೆ ಸೇಫಿನ ಕೋಡ್ ಹಂಚ್ಕೊಳ್ಳೋ ಮುಂಚೆ ಲಾಯರನ್ನ ಕೇಳಿ.

ಟೆಕ್ಸಾಸಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ತಡೆ ಇಲ್ಲದ 21 ವರ್ಷ ದಾಟಿದೋರು ಲೈಸೆನ್ಸ್ ಇಲ್ದೇನೂ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡಬಹುದು. ಆದ್ರೂ ಲೈಸೆನ್ಸ್ ಮಾಡಿಸ್ಕೊಳ್ಳಿ ಅಂತಾನೇ ನಾನು ಹೇಳೋದು. ಪಕ್ಕದ ಕೆಲವು ರಾಜ್ಯಗಳಲ್ಲಿ ಅದು ನಡೆಯತ್ತೆ, ಅದಕ್ಕಿಂತ ಹೆಚ್ಚಾಗಿ ಕ್ಲಾಸಲ್ಲಿ ಕೂತು ಕಾನೂನು ಕೇಳಿರ್ತೀರಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆ ಇರೋರು ಇಲ್ಲಿನ ನಿಯಮ ನಂಬ್ಕೊಂಡು ಹೊರಡಬೇಡಿ, ಅಲ್ಲಿ ಎಲ್ಲಾ ಬೇರೆ.

2. ಯಾವ .22 ತಗೋಬೇಕು

ಒಂದೇ ನಿಯಮ: ನಿಮ್ಮ ಕ್ಯಾರಿ ಗನ್ನಿಗೆ ಎಷ್ಟು ಹತ್ತಿರ ಇದ್ರೆ ಅಷ್ಟು ಒಳ್ಳೇದು. ಹಿಡಿಯ ಆಕಾರ, ಸೈಟು, ಸೇಫ್ಟಿ ಇರೋ ಜಾಗ, ಮ್ಯಾಗಜೀನ್ (ಗುಂಡು ತುಂಬಿ ಹಿಡಿಯೊಳಗೆ ಹಾಕೋ ಡಬ್ಬಿ) ಬಿಡೋ ಬಟನ್, ಟ್ರಿಗರಿನ ಭಾರ, ಇವೆಲ್ಲ ಹೊಂದ್ಬೇಕು. ಗ್ಲಾಕ್ 19 ಇಟ್ಕೊಂಡಿರೋರಿಗೆ ಗ್ಲಾಕ್ 44 ಇದೆ, ಅಳತೆ ಅದೇ, ಬಹುತೇಕ ಹೋಲ್ಸ್ಟರಲ್ಲೂ ಅದೇ ಥರ ಕೂರತ್ತೆ. ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಇರೋರಿಗೆ ಎಂ ಅಂಡ್ ಪಿ 22 ಕಾಂಪ್ಯಾಕ್ಟ್. ಜೇಬಲ್ಲಿಡೋ ರುಗರ್ ಎಲ್‌ಸಿಪಿ ಇರೋರಿಗೆ ಅದೇ ಆಕಾರದ ಎಲ್‌ಸಿಪಿ 2 ಲೈಟ್ ರ‍್ಯಾಕ್ ಅಂತ .22 ಸಿಗತ್ತೆ. ಟಾರಸ್ ಟಿಎಕ್ಸ್ 22, ಸಿಗ್ ಪಿ322 ಇವೂ ಒಳ್ಳೇವೇ, ಯಾವ ಕ್ಯಾರಿ ಗನ್ನಿನ ಪಡಿಯಚ್ಚೂ ಅಲ್ಲ ಅಷ್ಟೇ.

ರುಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್ ಇವುಗಳ ಬಗ್ಗೆ ತುಂಬಾ ಜನ ಕೇಳ್ತಾರೆ. ಅದ್ಭುತ ಗನ್ನುಗಳು, ಎಷ್ಟು ನೇರ ಹೊಡೆಯುತ್ತವೆ ಅಂದ್ರೆ ಹೊಡೆದವರಿಗೆ ತಾವೇ ದೊಡ್ಡ ಶೂಟರ್ ಅನ್ನಿಸ್ಬಿಡತ್ತೆ. ಆದ್ರೆ ಅವುಗಳ ಟ್ರಿಗರ್ ತುಂಬಾ ಹಗುರ, ಆಕಾರ ಬೇರೆ, ಹೋಲ್ಸ್ಟರ್ ಪ್ರಾಕ್ಟೀಸಿಗೆ ಹೊಂದಲ್ಲ. ಗುರಿ ಹಿಡಿಯೋದು ಕಲಿಯೋಕೆ, ಮಗಳಿಗೋ ಮಗನಿಗೋ ಕಲಿಸೋಕೆ ತಗೊಳ್ಳಿ, ಕ್ಯಾರಿ ಗನ್ನಿನ ಜೋಡಿ ಅಂತ ಬೇಡ.

ರಿವಾಲ್ವರ್ ಇಟ್ಕೊಂಡಿರೋರಿಗೆ .22 ಇನ್ನೂ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಹಗುರದ .38ನಲ್ಲಿ ಐವತ್ತು ಗುಂಡು ಹೊಡೆದ್ರೆ ಕೈ ಉರಿಯತ್ತೆ, ಆಮೇಲೆ ಕಲಿಕೆ ಏನೂ ಆಗಲ್ಲ, ಹೆದರಿಕೆ ಮಾತ್ರ ಬೆಳೆಯತ್ತೆ. ಸ್ಮಿತ್ ಅಂಡ್ ವೆಸನ್ 43ಸಿ, ರುಗರ್ ಎಲ್‌ಸಿಆರ್ .22 ಎರಡೂ 8 ಗುಂಡಿನವು. ಇವುಗಳ ಟ್ರಿಗರ್ .38ಕ್ಕಿಂತ ಭಾರ ಇರತ್ತೆ, ಯಾಕಂದ್ರೆ ರಿಮ್ ಜಜ್ಜೋಕೆ ಗಟ್ಟಿ ಸ್ಪ್ರಿಂಗ್ ಬೇಕು. ಅಂಗಡಿಯಲ್ಲಿ ಒತ್ತಿ ನೋಡಿ ಬೇಜಾರು ಮಾಡ್ಕೊಳ್ಳಬೇಡಿ, ಅದ್ರಲ್ಲಿ ಪಳಗಿದ ಬೆರಳಿಗೆ .38 ಸಲೀಸು.

ಇನ್ನೊಂದು ದಾರಿ ಕನ್ವರ್ಷನ್ ಕಿಟ್, ಅಂದ್ರೆ ನಿಮ್ಮ ಗನ್ನಿನ ಮೇಲ್ಭಾಗ ಮತ್ತು ಮ್ಯಾಗಜೀನ್ ಬದಲಾಯಿಸಿ ಅದನ್ನೇ .22 ಮಾಡೋದು. ಟ್ರಿಗರ್ ಅದೇ ಉಳಿಯತ್ತೆ ಅನ್ನೋದು ದೊಡ್ಡ ಲಾಭ. ಆದ್ರೆ ಪ್ರತಿ ಸಲ ಬಿಚ್ಚಿ ಹಾಕೋ ಕಿರಿಕಿರಿ, ಜೊತೆಗೆ ಮನೆಗೆ ಬರೋವಾಗ ರಕ್ಷಣೆಯ ಗನ್ ಬಿಚ್ಚಿದ ಸ್ಥಿತಿಯಲ್ಲಿರತ್ತೆ. ನನ್ನ ಓಟು ಬೇರೆ ಗನ್ನಿಗೇ.

3. ಗುಂಡು ಮತ್ತು ಸಾಮಾನು

ರೇಟು ಏರಿಳಿಯತ್ತೆ, ಅಂದಾಜಿಗೆ ಹೇಳೋದಾದ್ರೆ .22 ಒಂದಕ್ಕೆ 6ರಿಂದ 10 ಸೆಂಟ್, 9 ಎಂಎಂ ಒಂದಕ್ಕೆ 25 ಸೆಂಟ್ ಆಸುಪಾಸು. ಒಂದು ಸಲಕ್ಕೆ .22 ಗುಂಡು 150, 9 ಎಂಎಂ ಗುಂಡು 30 ಹೊಡೆದ್ರೆ 20 ಡಾಲರ್ ಸುಮಾರು, ಅಷ್ಟೂ 9 ಎಂಎಂ ಹೊಡೆದಿದ್ರೆ 45.

ಸೆಮಿ ಆಟೋಮ್ಯಾಟಿಕ್ .22 ಪಿಸ್ತೂಲಿಗೆ ಸ್ವಲ್ಪ ಜೋರಾದ ಗುಂಡೇ ಬೇಕು, ಇಲ್ದಿದ್ರೆ ಸ್ಲೈಡ್, ಅಂದ್ರೆ ಗನ್ನಿನ ಮೇಲೆ ಹಿಂದೆ ಮುಂದೆ ಜಾರೋ ಭಾಗ, ಪೂರ್ತಿ ಹಿಂದೆ ಹೋಗಲ್ಲ. ಸಿಸಿಐ ಮಿನಿ ಮ್ಯಾಗ್ ಬಹುತೇಕ ಎಲ್ಲಾ ಗನ್ನಲ್ಲೂ ಓಡತ್ತೆ, ಮೊದಲ ಡಬ್ಬಿ ಅದೇ ತಗೊಂಡು ಗನ್ ಸರಿ ಇದೆಯಾ ನೋಡ್ಕೊಂಡು ಆಮೇಲೆ ಅಗ್ಗದ ಬಲ್ಕ್ ಡಬ್ಬಿಗಳನ್ನ ಒಂದೊಂದೇ ಪರೀಕ್ಷೆ ಮಾಡಿ. ಒಂದು ಎಚ್ಚರಿಕೆ, .22 ಮ್ಯಾಗ್ನಮ್ ಅಂತ ಡಬ್ಬಿ ಮೇಲೆ ಇದ್ರೆ ಅದು ಬೇರೆ ತೋಟೆ, ಲಾಂಗ್ ರೈಫಲ್ ಗನ್ನಿಗಲ್ಲ.

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಖಂಡಿತ ಬೇಕು. .22 ಸದ್ದು ಸಣ್ಣದು ಅನ್ಸತ್ತೆ, ಪಿಸ್ತೂಲಿನ ಗಿಡ್ಡ ನಳಿಗೆಯಿಂದ ಅದೂ 140 ಡೆಸಿಬೆಲ್ ದಾಟತ್ತೆ, ಕಿವಿಗೆ ಶಾಶ್ವತ ಹಾನಿಗೆ ಅಷ್ಟು ಸಾಕು. ಜೊತೆಗೆ ಎರಡೂ ಅಳತೆಯ ಡಮ್ಮಿ ತೋಟೆ (ಸಿಡಿಯದ ನಕಲಿ ತೋಟೆ), ದುಂಡನೆ ಸ್ಟಿಕ್ಕರ್, ಒಂದು ಮಾರ್ಕರ್, ಸಣ್ಣ ನೋಟ್‌ಬುಕ್. ಆಮೇಲೆ ಬಣ್ಣದ ಟೇಪ್ ತಗೊಂಡು .22 ಮ್ಯಾಗಜೀನುಗಳ ತಳಕ್ಕೆಲ್ಲ ಅಂಟಿಸಿ. ಎರಡು ಗನ್ನೂ ನೋಡೋಕೆ ಒಂದೇ ಥರ ಇದ್ದಾಗ ಸಂಜೆ ಸುಸ್ತಲ್ಲಿ ಬ್ಯಾಗಿಂದ ತೆಗೆದು ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದು .22 ಆಗಿರ್ಬಾರದು.

4. ಮನೆಯಲ್ಲಿ ಡ್ರೈ ಪ್ರಾಕ್ಟೀಸ್

ಡ್ರೈ ಅಂದ್ರೆ ಗುಂಡಿಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡೋದು. ಇದನ್ನ ಕ್ಯಾರಿ ಗನ್ನಲ್ಲೇ ಮಾಡಿ, ಖರ್ಚೇ ಇಲ್ಲದ್ದಕ್ಕೆ .22 ಯಾಕೆ. ರಿಮ್‌ಫೈರ್ ಗನ್ನಲ್ಲಿ ಖಾಲಿ ಹೊಡೆದ್ರೆ ಫೈರಿಂಗ್ ಪಿನ್ ನೇರ ಚೇಂಬರಿನ (ನಳಿಗೆ ಹಿಂದೆ ತೋಟೆ ಕೂರೋ ಜಾಗದ) ಅಂಚಿಗೆ ಬಡಿದು ಅಲ್ಲಿ ತಗ್ಗು ಬೀಳೋ ಅಪಾಯ ಬೇರೆ ಇದೆ. ಕೆಲವು ಮಾಡೆಲಿಗೆ ಪರವಾಗಿಲ್ಲ ಅಂತ ಮ್ಯಾನ್ಯುಯಲಲ್ಲೇ ಇರತ್ತೆ, ಓದಿ ನೋಡಿ. ಮಾಡಲೇಬೇಕು ಅಂದ್ರೆ ಗೋಡೆಗೆ ಸ್ಕ್ರೂ ಕೂರಿಸೋಕೆ ಬಳಸೋ ಹಳದಿ ಪ್ಲಾಸ್ಟಿಕ್ ಆಂಕರ್ ಇದ್ಯಲ್ಲ, 4-6 ನಂಬರಿನದು, ಅದು .22 ಚೇಂಬರಿಗೆ ಸರಿಯಾಗಿ ಕೂರತ್ತೆ, ಪಿನ್ನಿನ ಏಟು ಪ್ಲಾಸ್ಟಿಕ್ ತಗೊಳ್ಳತ್ತೆ.

ಡ್ರೈ ಮಾಡೋವಾಗ ಗುಂಡು ಆ ರೂಮಲ್ಲೇ ಇರ್ಬಾರದು. ಮ್ಯಾಗಜೀನ್ ತೆಗೀರಿ, ಸ್ಲೈಡ್ ಎಳೀರಿ, ಚೇಂಬರ್ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಗುರಿ ಇಡೋ ಗೋಡೆ ಗುಂಡು ತಡೆಯೋ ಥರದ್ದಾಗಿರ್ಲಿ. ಇಲ್ಲಿನ ಮನೆ ಗೋಡೆಗಳು ನಮ್ಮೂರಿನ ಇಟ್ಟಿಗೆ ಗೋಡೆ ಅಲ್ಲ, ತೆಳ್ಳಗಿನ ಶೀಟು, ಆಚೆ ರೂಮಲ್ಲಿ ಮಗು ಮಲಗಿರತ್ತೆ. ಹತ್ತು ನಿಮಿಷ ಸಾಕು. ಮುಗಿದ ಮೇಲೆ "ಮುಗೀತು" ಅಂತ ಬಾಯಿ ಬಿಟ್ಟು ಹೇಳಿ ಗನ್ ಎತ್ತಿಡಿ, ಗುಂಡು ತುಂಬಿದ ಮೇಲೆ ಇನ್ನೊಂದೇ ಒಂದು ಸಲ ಅಂತ ಒತ್ತೋ ಆ ಕ್ಷಣದಲ್ಲೇ ಅನಾಹುತಗಳು ಆಗೋದು.

5. ರೇಂಜಲ್ಲಿ, ಹಂತ ಹಂತವಾಗಿ

ಹೋಗೋ ಮುಂಚೆ ರೇಂಜಿಗೆ ಫೋನ್ ಮಾಡಿ ಹೋಲ್ಸ್ಟರಿಂದ ತೆಗೆದು ಹೊಡೆಯೋಕೆ ಬಿಡ್ತೀರಾ, ಬೇಗ ಬೇಗ ಹೊಡೆಯಬಹುದಾ ಕೇಳ್ಕೊಳ್ಳಿ, ಸುಮಾರು ಇನ್‌ಡೋರ್ ರೇಂಜಲ್ಲಿ ಎರಡಕ್ಕೂ ಇಲ್ಲ ಅಂತಾರೆ. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಗನ್, ಒಂದೇ ಅಳತೆಯ ಗುಂಡಿನ ಡಬ್ಬಿ. ಇನ್ನೊಂದು ಗನ್ ಬ್ಯಾಗೊಳಗಿದ್ದು, ಜಿಪ್ ಹಾಕಿರ್ಬೇಕು.

ಕೊಡಗು, ಮಲೆನಾಡು ಕಡೆ ಕೋವಿ ನೋಡ್ಕೊಂಡು ಬೆಳೆದವರಿಗೆ ನಳಿಗೆ ಎತ್ತ ಕಡೆ ಇರ್ಬೇಕು ಅನ್ನೋದು ರಕ್ತದಲ್ಲೇ ಇರತ್ತೆ, ಆದ್ರೂ ಹೇಳ್ತೀನಿ. ಉದ್ದ ಕೋವಿ ತಿರುಗಿದ್ರೆ ಎಲ್ಲರಿಗೂ ಕಾಣತ್ತೆ, ಪಿಸ್ತೂಲು ಮಣಿಕಟ್ಟು ಸ್ವಲ್ಪ ತಿರುಗಿದ್ರೆ ಸಾಕು ಪಕ್ಕದವರ ಹೊಟ್ಟೆ ನೋಡ್ತಿರತ್ತೆ. ಸ್ಲೈಡ್ ಎಳೆಯೋವಾಗ್ಲೇ ಇದು ಹೆಚ್ಚು ಆಗೋದು, ಮೈ ತಿರುಗಿಸಿ, ನಳಿಗೆ ಮುಂದಕ್ಕೇ ಇರ್ಲಿ.

ಮೊದಲು ಕ್ಯಾರಿ ಗನ್, ಐದೇ ಗುಂಡು. 7 ಗಜ ದೂರ, ಮಾಮೂಲಿ ಪ್ರಿಂಟರ್ ಹಾಳೆ ಮೇಲೆ. ಕೈ ಬಿಸಿ ಆಗಿಲ್ಲ, ಮನಸ್ಸು ಕೂತಿಲ್ಲ, ಅದೇ ಸರಿ. ನಿಜವಾಗ್ಲೂ ಬೇಕಾದಾಗ ವಾರ್ಮ್‌ಅಪ್ ಮಾಡೋಕೆ ಯಾರೂ ಟೈಮ್ ಕೊಡಲ್ಲ, ಈ ಐದು ಗುಂಡೇ ನಿಮ್ಮ ನಿಜವಾದ ಮಟ್ಟ. ಹಾಳೆ ಮೇಲೆ ತಾರೀಖು ಬರೆದು ಎತ್ತಿಡಿ.

ಈಗ .22. 3 ಗಜಕ್ಕೆ ಒಂದಿಂಚಿನ ಸ್ಟಿಕ್ಕರ್ ಅಂಟಿಸಿ 20 ಗುಂಡು, ನಿಧಾನಕ್ಕೆ. ದೂರ ಕಮ್ಮಿ ಆಯ್ತು ಅನ್ನಬೇಡಿ, ಒಂದಿಂಚು ಏನೂ ಸುಲಭ ಅಲ್ಲ. ಬಲಗೈಯವರಿಗೆ ಗುಂಡುಗಳು ಕೆಳಗೆ ಎಡಕ್ಕೆ ಹೋಗ್ತಿದ್ರೆ ಸೈಟ್ ತಿರುಪಬೇಡಿ, ಅದು ಫ್ಲಿಂಚ್, ಸದ್ದು ಬರತ್ತೆ ಅಂತ ಮುಂಚೇನೇ ಕೈ ತಗ್ಗಿಸೋದು. ಅದಕ್ಕೆ ಮದ್ದು ಡಮ್ಮಿ. ಜೊತೆಗೆ ಬಂದವರ ಕೈಲಿ ಮ್ಯಾಗಜೀನ್ ಕೊಟ್ಟು ನಿಮಗೆ ಗೊತ್ತಾಗದ ಹಾಗೆ ನಡುನಡುವೆ ಒಂದೆರಡು ಡಮ್ಮಿ ಸೇರಿಸಿ ಕೊಡೋಕೆ ಹೇಳಿ. ಕ್ಲಿಕ್ ಅಂದಾಗ ಮುಂದಿನ ಸೈಟ್ ಕುಸಿದ್ರೆ ನಿಮ್ಮ ಕಣ್ಣಿಗೇ ಕಾಣತ್ತೆ, ಯಾರೂ ಹೇಳ್ಬೇಕಾಗಿಲ್ಲ. ಸೈಟ್ ಅಲ್ಲಾಡದೆ ನಿಲ್ಲೋವರೆಗೂ ಇದನ್ನ ಬಿಡಬೇಡಿ. ಇಡೀ ಸೆಷನ್ ಇದಕ್ಕೇ ಹೋದ್ರೂ ಪರವಾಗಿಲ್ಲ, .22 ಕೊಂಡಿದ್ದೇ ಇದಕ್ಕೆ ಅಂದ್ಕೊಳ್ಳಿ.

ಆಮೇಲೆ ಒಂಟಿ ಕೈ, ಬಲಕ್ಕೆ 15, ಎಡಕ್ಕೆ 15. ಇನ್ನೊಂದು ಕೈಯಲ್ಲಿ ಮಗು ಇರ್ಬಹುದು, ಅಥವಾ ಕೈಗೇ ಪೆಟ್ಟಾಗಿರ್ಬಹುದು. 9 ಎಂಎಂನಲ್ಲಿ ಇದನ್ನ ಎಲ್ಲರೂ ತಪ್ಪಿಸ್ಕೊಳ್ತಾರೆ, .22ನಲ್ಲಿ ಧೈರ್ಯವಾಗಿ ಶುರು ಮಾಡಬಹುದು.

ಮುಂದೆ ಮೊದಲ ಗುಂಡಿನ ಅಭ್ಯಾಸ. ಗನ್ ಎದೆ ಕೆಳಗೆ ನೆಲದ ಕಡೆ ಓರೆಯಾಗಿ ಹಿಡಿದು, ಎತ್ತಿ ಒಂದೇ ಗುಂಡು, 5 ಗಜಕ್ಕೆ 3 ಬೈ 5 ಇಂಚಿನ ಕಾರ್ಡು. ಮತ್ತೆ ತಗ್ಗಿಸಿ ಮತ್ತೆ ಒಂದು. ಬೆರಳು ಟ್ರಿಗರಿಗೆ ಹೋಗೋದು ಸೈಟ್ ಗುರಿಗೆ ಬಂದ ಮೇಲೇನೇ. ರೇಂಜಿನವರು ಒಪ್ಪಿದ್ರೆ, ಮತ್ತು ಒಬ್ಬ ಇನ್‌ಸ್ಟ್ರಕ್ಟರ್ ಹತ್ರ ಕಲಿತಿದ್ರೆ ಮಾತ್ರ ಹೋಲ್ಸ್ಟರಿಂದ ತೆಗೆದು ಹೊಡೀರಿ. ವಾಪಸ್ ಹೋಲ್ಸ್ಟರಿಗೆ ಇಡೋವಾಗ ಆತುರ ಬೇಡವೇ ಬೇಡ, ಕಣ್ಣಲ್ಲಿ ನೋಡ್ಕೊಂಡು, ಶರ್ಟು ಒಳಗೆ ಸಿಕ್ಕಿಲ್ಲ ಅಂತ ಖಾತ್ರಿ ಮಾಡ್ಕೊಂಡು ಇಡಿ.

ಎರಡೆರಡು ಗುಂಡು ಬೇಗ ಹೊಡೆಯೋದು ಕೊನೇಲಿ ಬರ್ಲಿ. ಒದೆತ ಇಲ್ಲ ಅಂತ .22ನಲ್ಲಿ ಟಕಟಕ ಹೊಡೆಯೋಕೆ ಬಹಳ ಖುಷಿ, ಆದ್ರೆ ಆ ವೇಗ ನಿಮ್ಮದಲ್ಲ, ಗನ್ನಿಂದು. ನಿಮ್ಮ 9 ಎಂಎಂ ಎಷ್ಟು ವೇಗದಲ್ಲಿ ಹಾಳೆ ಮೇಲೆ ನಿಲ್ಲತ್ತೋ .22 ಕೂಡ ಅದೇ ವೇಗದಲ್ಲಿ ಹೊಡೀರಿ, ಅಷ್ಟೇ ಬಿಗಿ ಹಿಡಿತದಲ್ಲಿ. ಶಾಟ್ ಟೈಮರ್ ಇದ್ರೆ ಎರಡು ಗುಂಡಿನ ನಡುವಿನ ಸಮಯ ಸಿಗತ್ತೆ, ಆದ್ರೆ ಇನ್‌ಡೋರ್ ರೇಂಜಲ್ಲಿ ಪಕ್ಕದವರ ಸದ್ದನ್ನೂ ಅದು ಎಣಿಸ್ಬಿಡತ್ತೆ, ಲೆಕ್ಕ ನಂಬೋ ಮುಂಚೆ ನೋಡ್ಕೊಳ್ಳಿ.

ಕೊನೆಗೆ .22 ಒಳಗಿಟ್ಟು ಕ್ಯಾರಿ ಗನ್ ತೆಗೆದು 25 ಗುಂಡು, ಇದೇ ಅಭ್ಯಾಸಗಳು. ಮೊದಲ ಕೆಲವು ಗುಂಡು ಜೋರಾಗಿ ಒದ್ದ ಹಾಗೆ ಅನ್ಸತ್ತೆ, ಹಿಡಿತ ಗಟ್ಟಿ ಮಾಡಿ. .22ನಲ್ಲಿ ಹಾಳೆ ಮೇಲೆ ಬಿದ್ದ ತೂತುಗಳ ಗುಂಪು ಚಿಕ್ಕದಾಗಿ 9 ಎಂಎಂ ಗುಂಪು ಸಿಕ್ಕಾಪಟ್ಟೆ ಚದುರಿದ್ರೆ ಮುಂದಿನ ಸಲ .22 ಕಮ್ಮಿ ಮಾಡಿ 9 ಎಂಎಂ ಜಾಸ್ತಿ ಮಾಡಿ. ಎರಡೂ ಚದುರಿದ್ರೆ ಟ್ರಿಗರ್ ಕಡೆ ತೊಂದ್ರೆ, ವಾಪಸ್ ಸ್ಟಿಕ್ಕರ್ ಮತ್ತು ಡಮ್ಮಿಗೆ ಹೋಗಿ. ಟೆಕ್ಸಾಸ್ ಲೈಸೆನ್ಸ್ ಟೆಸ್ಟಿಗೆ ಹೋಗೋರಿಗೆ ಒಂದು ಮಾತು, ಅಲ್ಲಿ 50 ಗುಂಡು, 3 ಗಜಕ್ಕೆ 20, 7ಕ್ಕೆ 20, 15ಕ್ಕೆ 10, ಒಟ್ಟು 250ರಲ್ಲಿ 175 ಬಂದ್ರೆ ಪಾಸ್. ಹೆದರೋ ಟೆಸ್ಟಲ್ಲ, 15 ಗಜದ ಹತ್ತನ್ನ .22ನಲ್ಲಿ ನಿಧಾನಕ್ಕೆ ಅಭ್ಯಾಸ ಮಾಡಿ ಹೋಗಿ.

6. ಗುಂಡು ಸಿಡೀದಿದ್ರೆ, ಸಿಕ್ಕಿಕೊಂಡ್ರೆ

ಕ್ಲಿಕ್ ಅಂದು ಸಿಡೀಲಿಲ್ಲ ಅಂದ್ರೆ ನಳಿಗೆ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಕೆಲವೊಮ್ಮೆ ತಡವಾಗಿ ಸಿಡಿಯತ್ತೆ. ಆಮೇಲೆ ತೆಗೆದು ರೇಂಜಿನ ಡಬ್ಬಕ್ಕೆ ಹಾಕಿ, ಮನೆ ಕಸದ ಬುಟ್ಟಿಗಲ್ಲ. ಆತ್ಮರಕ್ಷಣೆಗೆ ಕಲಿಸೋ ಹಾಗೆ ತಕ್ಷಣ ತಳ ತಟ್ಟಿ ಸ್ಲೈಡ್ ಎಳೆಯೋ ಅಭ್ಯಾಸ ಬೇಕಾದ್ರೆ ಅದನ್ನ ಕ್ಯಾರಿ ಗನ್ನಲ್ಲಿ ಡಮ್ಮಿ ಹಾಕಿ ಮಾಡಿ.

ಇದಕ್ಕಿಂತ ಅಪಾಯ, ಸದ್ದು ಬಂತು ಆದ್ರೆ ಪುಸ್ ಅಂತ ಸಣ್ಣದಾಗಿ. ನಿಲ್ಲಿಸಿ. ಗುಂಡು ನಳಿಗೆಯೊಳಗೇ ಸಿಕ್ಕಿರ್ಬಹುದು, ಹಿಂದಿಂದ ಇನ್ನೊಂದು ಹೊಡೆದ್ರೆ ನಳಿಗೆ ಸೀಳತ್ತೆ. ಖಾಲಿ ಮಾಡಿ ರೇಂಜಿನವರಿಗೆ ತೋರಿಸಿ.

ಪದೇ ಪದೇ ಸಿಕ್ಕಿಕೊಳ್ಳತ್ತೆ ಅಂತ ಗನ್ನಿಗೆ ಬೈಯೋ ಮುಂಚೆ ಮ್ಯಾಗಜೀನ್ ತುಂಬೋ ರೀತಿ ನೋಡಿ. .22 ತೋಟೆಯ ತಳಕ್ಕೆ ಅಂಚು ಇರತ್ತಲ್ಲ, ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಮುಂದೆ ಕೂರ್ಬೇಕು, ಹಿಂದೆ ಕೂತ್ರೆ ಎರಡೂ ಕೊಕ್ಕೆ ಹಾಕ್ಕೊಂಡು ಮೇಲೆ ಬರೋದೇ ಇಲ್ಲ. ಪಕ್ಕದ ಗುಂಡಿಯನ್ನ ಒಂದೇ ಸಲ ಕೆಳಗಿನವರೆಗೂ ಎಳೆದು ಗುಂಡುಗಳನ್ನ ಸುರಿದ್ರೆ ಹೀಗಾಗೋದು. ಸ್ವಲ್ಪ ಸ್ವಲ್ಪವೇ ಇಳಿಸ್ತಾ ಒಂದೊಂದಾಗಿ ಇಡಿ.

7. ಮುಗಿದ ಮೇಲೆ

.22 ಗುಂಡು ಬಹುಪಾಲು ಮೇಲ್ಕವಚ ಇಲ್ಲದ ಸೀಸ, ಇಲ್ಲಾ ತೆಳ್ಳಗೆ ತಾಮ್ರ ಬಳಿದಿದ್ದು, ಕಿಡಿ ಮದ್ದಲ್ಲೂ ಸೀಸ ಇರತ್ತೆ. ಕೈಯಲ್ಲಿ ಊಟ ಮಾಡೋ ನಾವು ಇದನ್ನ ಹಗುರವಾಗಿ ತಗೋಬಾರದು. ರೇಂಜಲ್ಲಿ ಏನೂ ತಿನ್ಬೇಡಿ, ತಣ್ಣೀರು ಸೋಪಲ್ಲಿ ಮೊಣಕೈವರೆಗೂ ತೊಳೀರಿ, ಮುಖ ತೊಳೀರಿ, ಶೂ ಬಾಗಿಲಾಚೆ ಬಿಡಿ, ಆ ಬಟ್ಟೆಯಲ್ಲಿ ಮಗು ಎತ್ಕೊಳ್ಳಬೇಡಿ, ಬೇರೆಯಾಗಿ ಒಗೀರಿ. ಬಸುರಿಯರು ರೇಂಜಿಂದ ದೂರ ಇರೋದೇ ಒಳ್ಳೇದು.

ಕ್ಲೀನಿಂಗಲ್ಲಿ ನಳಿಗೆಗಿಂತ ಚೇಂಬರು, ತೋಟೆ ಎಳೆಯೋ ಕೊಕ್ಕೆ, ಸ್ಲೈಡಿನ ಮುಖ ಇವಕ್ಕೆ ಬ್ರಷ್ ಹಾಕಿ, .22 ಮಸಿ ಅಲ್ಲೇ ಕಟ್ಟೋದು. ರಿವಾಲ್ವರಲ್ಲಂತೂ ನೂರು ಗುಂಡಿಗೆ ಚೇಂಬರ್ ಅಂಟಂಟಾಗಿ ತೋಟೆ ಒಳಗೇ ಹೋಗಲ್ಲ.

ಕ್ಯಾರಿ ಗನ್ನಿಗೆ ಮತ್ತೆ ರಕ್ಷಣೆಯ ಗುಂಡು ತುಂಬೋವಾಗ ಪ್ರತಿ ಸಲ ಅದೇ ಮೊದಲ ಗುಂಡನ್ನ ಚೇಂಬರಿಗೆ ಹಾಕ್ಬೇಡಿ. ಪದೇ ಪದೇ ಬಡಿಸ್ಕೊಂಡು ಗುಂಡು ತೋಟೆಯೊಳಕ್ಕೆ ಹಿಂದೆ ಸರಿಯತ್ತೆ, ಹೊಡೆದಾಗ ಒತ್ತಡ ವಿಪರೀತ ಏರತ್ತೆ. ಹೊಸದರ ಪಕ್ಕ ನಿಲ್ಲಿಸಿ ಗಿಡ್ಡ ಕಂಡ್ರೆ ಅದನ್ನ ಹೊಡೀಬೇಡಿ, ಪಕ್ಕಕ್ಕಿಡಿ. ಎರಡೂ ಗನ್ ಬೀಗದೊಳಗಿರ್ಲಿ, 17ರೊಳಗಿನ ಮಕ್ಕಳ ಕೈಗೆ ಸಿಗೋ ಹಾಗೆ ಗುಂಡು ತುಂಬಿದ ಗನ್ ಬಿಡೋದು ಟೆಕ್ಸಾಸಲ್ಲಿ ಅಪರಾಧ.

ಕೊನೇದಾಗಿ ಬ್ಯಾಗ್. ರೇಂಜಿಗೆ ತಗೊಂಡು ಹೋದ ಬ್ಯಾಕ್‌ಪ್ಯಾಕನ್ನೇ ಊರಿಗೆ ಹೋಗೋವಾಗ ಬಳಸ್ಬೇಡಿ. .22 ತೋಟೆ ಒಂದಿಂಚು ಉದ್ದ ಅಷ್ಟೇ, ಹೊಲಿಗೆ ಸಂದಿಗೆ ಹೋದ್ರೆ ಕಾಣೋದೇ ಇಲ್ಲ, ಎಕ್ಸ್‌ರೇಗೆ ಮಾತ್ರ ಕಾಣತ್ತೆ. ಬೆಂಗಳೂರು ಏರ್‌ಪೋರ್ಟಲ್ಲಿ ಲಗೇಜಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ರೂ 1959ರ ಶಸ್ತ್ರಾಸ್ತ್ರ ಕಾಯ್ದೆ ಅಡಿ ಕೇಸ್ ಆಗ್ಬಹುದು, ಇಲ್ಲಿನ ಏರ್‌ಪೋರ್ಟಲ್ಲಿ ದಂಡ. ರೇಂಜಿಗೆ ಅಂತಾನೇ ಒಂದು ಬೇರೆ ಬ್ಯಾಗ್ ಇಟ್ಕೊಳ್ಳಿ, ಈಗಾಗ್ಲೇ ಬೆರೆಸಿದ್ರೆ ಇವತ್ತೇ ಎಲ್ಲಾ ಜೇಬು ತಲೆಕೆಳಗೆ ಮಾಡಿ ಕೊಡವಿ, ಸಂದಿಸಂದಿಗೂ ಬೆರಳು ಹಾಕಿ ನೋಡಿ.